ಒಂದೇ ನೆತ್ತಿಯ ಗಿಡ

ಪೆನ್ಸಿಲ್ ಹಿಡಿದವರು ಬಾಯಿ ಬಿಡಕೂಡದು. ಹೂಗಿಡ ಪ್ರದರ್ಶನದ ಕಾರ್ಯದರ್ಶಿ ಬೆಳಿಗ್ಗೆ ಇಷ್ಟನ್ನೇ ಹೇಳಿ, ಹಾಳೆ ಸಿಕ್ಕಿಸಿದ ಒಂದು ರಟ್ಟನ್ನೂ ಚೂಪು ಮಾಡಿದ ಪೆನ್ಸಿಲನ್ನೂ ಕಿರಿಯವಳ ಕೈಯಲ್ಲಿಟ್ಟು ಓಡಿಹೋಗಿದ್ದರು. ತೀರ್ಪುಗಾರರು ಹೇಳಿದ್ದನ್ನು ಬರೆದುಕೊಳ್ಳಬೇಕಿದ್ದ ಹುಡುಗಿಗೆ ಜ್ವರವಂತೆ. ‘ನಿಮ್ಮ ಗಿಡವೂ ಸ್ಪರ್ಧೇಲಿದೆ ಅಂತ ಯೋಚನೆ ಮಾಡ್ಬೇಡಿ, ಯಾರದ್ದಿಲ್ಲ ಹೇಳಿ? ಚೀಟಿ ಮಡಿಚಿಟ್ಟಿರ್ತೀವಿ, ಹೆಸರು ಕಾಣಲ್ಲ. ನೀವು ಮುಖಾನ ಗೋಡೆ ಮಾಡ್ಕೊಂಡು ನಿಂತಿರಿ, ಸಾಕು.’ ಮುಖವನ್ನು ಗೋಡೆ ಮಾಡಿಕೊಳ್ಳುವುದು ಅವಳಿಗೆ ಹೊಸದೇನಲ್ಲ. ಕಟ್ಟುಹಲ್ಲು ತಯಾರಿಸುವ ಕಾರ್ಖಾನೆಯಲ್ಲಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ದವಡೆ ಸರಿಯಾಗಿ ಕೂರಲಿಲ್ಲವೆಂದು ದಂತವೈದ್ಯರು ಫೋನಿನಲ್ಲಿ ರೇಗುವಾಗ, ಆ ಕಡೆ ಯಾರೂ ನೋಡುತ್ತಿಲ್ಲದಿದ್ದರೂ ಅವಳ ಮುಖ ತಾನಾಗಿ ಗೋಡೆಯಾಗುತ್ತಿತ್ತು. ಆದರೆ ಇವತ್ತು ಗೋಡೆಯ ಹಿಂದೆ ಏನೋ ಓಡಾಡುತ್ತಿದೆ. ಒಂದು ಸಲ, ಒಂದೇ ಒಂದು ಸಲ, ತನ್ನ ಹೆಸರಿನ ಚೀಟಿಯ ಪಕ್ಕದಲ್ಲಿ ಮೊದಲ ಬಹುಮಾನದ ನೀಲಿ ಪಟ್ಟಿ ಇರಲಿ ದೇವರೇ ಎಂದು ಅವಳು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದಳು. ಬೇಡಿಕೊಂಡಾಗಲೆಲ್ಲ ನಾಚಿಕೆಯಾಗಿ, ‘ನಿನ್ನ ಚಿತ್ತ’ ಎಂದು ಕೊನೆಗೆ ಸೇರಿಸುತ್ತಿದ್ದಳು. ಆ ಕೊನೆಯ ಮಾತನ್ನು ದೇವರು ಗಂಭೀರವಾಗಿ ತೆಗೆದುಕೊಂಡುಬಿಟ್ಟರೆ ಎಂಬ ಅಳುಕೂ ಇತ್ತು.

ಸಭಾಂಗಣದೊಳಗೆ ಈಗ ಗಿಡಗಳು, ತೀರ್ಪುಗಾರರು, ಪೆನ್ಸಿಲಿನವರು ಮಾತ್ರ. ಬೆಳೆಸಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದ್ದರು. ಉದ್ದ ಮೇಜುಗಳ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಆಫ್ರಿಕನ್ ವಯೊಲೆಟ್‌ಗಳು. ಅಂಗೈಯಷ್ಟಿದ್ದವು ಕೆಲವು, ಊಟದ ತಟ್ಟೆಯಷ್ಟು ಹರಡಿದವು ಕೆಲವು. ರೋಮ ರೋಮದ ಎಲೆಗಳು ಚಕ್ರದ ಹಾಗೆ ಸುತ್ತಲೂ ಹಾಸಿಕೊಂಡು, ನಡುವೆ ಹೂವಿನ ಗುಂಪು ಎದ್ದು ನಿಂತಿದೆ. ಟ್ಯೂಬ್‌ಲೈಟಿನ ಬೆಳಕಿಗೆ ದಳಗಳಲ್ಲಿ ಸಕ್ಕರೆ ಉದುರಿಸಿದಂಥ ಮಿನುಗು. ಎಷ್ಟು ಸಲ ಕಂಡರೂ ಅವಳಿಗೆ ಉಸಿರು ಒಂದು ಗಳಿಗೆ ಮರೆತುಹೋಗುತ್ತಿತ್ತು. ಇಷ್ಟು ಜನ, ತಮ್ಮ ತಮ್ಮ ಮನೆಯ ಕಿಟಕಿಯ ಅಂಚಿನಲ್ಲೋ ಮಂಚದ ಕೆಳಗೆ ಕಟ್ಟಿದ ದೀಪದಡಿಯಲ್ಲೋ, ದಿನಾ ಬೆಳಿಗ್ಗೆ ಎದ್ದು ಕುಂಡವನ್ನು ಕಾಲು ಸುತ್ತು ತಿರುಗಿಸಿ, ಮೆತ್ತನೆ ಕುಂಚದಲ್ಲಿ ಎಲೆಯ ಧೂಳು ಸವರಿ, ಯಾರಿಗೂ ಹೇಳಿಕೊಳ್ಳದೆ ಕೆಲಸಕ್ಕೆ ಹೋಗುತ್ತಾರಲ್ಲ. ಜಪಮಾಲೆಯ ಮಣಿಯನ್ನು ಜರುಗಿಸಿದ ಹಾಗೆ ಕುಂಡಗಳನ್ನು ಜರುಗಿಸುತ್ತಾರಲ್ಲ. ತಿರುಗಿಸದೆ ಬಿಟ್ಟರೆ ಗಿಡ ಬೆಳಕಿನ ಕಡೆಗೆ ಕತ್ತು ಚಾಚಿ ಸೊಟ್ಟಗಾಗುತ್ತದೆ. ಅಷ್ಟೇ ಕಾರಣ. ಆದರೆ ಅಷ್ಟರಲ್ಲೇ ಒಂದು ಬದುಕಿನ ಬೆಳಗುಗಳೆಲ್ಲ ಮುಗಿಯಬಹುದು. ಅಕ್ಕನ ಬೆಳಗುಗಳು ಇವತ್ತಿಗೂ ಹಾಗೇ ಮುಗಿಯುತ್ತವೆ. ಮುಗಿದವು ಅಂತ ಅಕ್ಕನಿಗೆ ಬೇಜಾರಿದ್ದಂತೆ ಕಂಡಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ಕಿರಿಯವಳು ಸೊಸೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ, ಏನು ಮಾಡಿದರೂ ಕೈಜಾರಿ ಬೀಳಿಸುತ್ತಿದ್ದ ದಿನಗಳಲ್ಲಿ, ಅಕ್ಕ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಒಂದು ಎಲೆ ಕೊಟ್ಟಿದ್ದಳು. ಬರೀ ಎಲೆ, ತೊಟ್ಟಿನ ತುದಿಗೆ ಒದ್ದೆ ಹತ್ತಿ ಸುತ್ತಿತ್ತು. ‘ಇದನ್ನ ಮಣ್ಣಿಗೆ ಚುಚ್ಚು. ಆಮೇಲೆ ಮರೆತುಬಿಡು. ಮರೆತಷ್ಟೂ ಬೇಗ ಬರ್ತದೆ.’ ಅವಳು ಮರೆಯಲಿಲ್ಲ, ದಿನಕ್ಕೆ ನಾಲ್ಕು ಸಲ ಕೆದಕಿ ನೋಡಿ ಅದನ್ನು ಕೊಂದಳು. ಅಕ್ಕ ಇನ್ನೊಂದು ಎಲೆ ಕೊಟ್ಟಳು. ಅದನ್ನೂ ಕೊಂದಳು. ಮೂರನೆಯದನ್ನು ಕೊಡುವಾಗ ಅಕ್ಕ ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಕಿರಿಯವಳಿಗೆ ಈಗಲೂ ಅನ್ನಿಸುವುದಿದೆ. ಬೈದಿದ್ದರೆ ಎಂದೋ ಸಿಟ್ಟಾಗಿ ತಾನೇ ಬೇರೆ ದಾರಿ ಹಿಡಿಯುತ್ತಿದ್ದಳೇನೋ. ಬೈಯದವರ ಋಣ ಹರಿಯುವುದೇ ಇಲ್ಲ. ಹೀಗೆ ಅಕ್ಕನ ಹಿಂದೆ ಪ್ರದರ್ಶನಗಳಿಗೆ ಬರುತ್ತ, ಅಕ್ಕನ ಕುಂಡ ಹೊತ್ತು, ಅಕ್ಕನ ಬಹುಮಾನಗಳಿಗೆ ಚಪ್ಪಾಳೆ ತಟ್ಟುತ್ತ, ಅವಳು ಹೂವಿನವರ ನಡುವೆ ‘ಬಾಲಂಗೋಚಿ’ ಆದಳು. ಯಾರೋ ಪ್ರೀತಿಯಿಂದಲೇ ಇಟ್ಟ ಹೆಸರು. ಒಮ್ಮೆ ಬೇಸಿನ್ನಿನಲ್ಲಿ ಕೈ ತೊಳೆಯುತ್ತಿದ್ದಾಗ ಹಿಂದಿನಿಂದ ಕೇಳಿಸಿತ್ತು: ‘ಗಾಳಿಪಟ ಬಂತಾ? ಹಂಗಾದ್ರೆ ಬಾಲಂಗೋಚಿನೂ ಇಲ್ಲೇ ಎಲ್ಲೋ ಇರ್ಬೇಕು.’ ಅವಳೂ ನಕ್ಕಿದ್ದಳು. ನಗುವುದಕ್ಕೆ ಮುಂಚೆ ನಲ್ಲಿಯನ್ನು ಸ್ವಲ್ಪ ಜೋರಾಗಿ ತಿರುಗಿಸಿಕೊಂಡಿದ್ದಳು.

ತೀರ್ಪುಗಾರರು ಇಬ್ಬರು. ಒಬ್ಬರು ಮುದುಕರು, ಕಿವಿಯಲ್ಲೂ ಬಿಳಿ ಕೂದಲು, ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡ ಭೂತಗನ್ನಡಿ. ಇನ್ನೊಬ್ಬಳು ನರ್ಸರಿ ನಡೆಸುವ ದಪ್ಪನೆಯ ಹೆಂಗಸು, ಅವಳನ್ನು ಎಲ್ಲರೂ ನರ್ಸರಿಯಮ್ಮ ಎನ್ನುತ್ತಿದ್ದರು. ಮುದುಕರು ನೋಡುವ ರೀತಿಯನ್ನು ನೋಡುತ್ತ ಕಿರಿಯವಳಿಗೆ ಬರೆಯುವುದೇ ತಪ್ಪಿಹೋಗುತ್ತಿತ್ತು. ಅವರು ಮೊದಲು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಿಡದ ಮೇಲಿನಿಂದ ನೋಡುತ್ತಿದ್ದರು. ಆಮೇಲೆ ಮಂಡಿಯೂರಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಎಲೆಗಳ ಕೆಳಗಿನ ಕತ್ತಲೆಯನ್ನು ನೋಡುತ್ತಿದ್ದರು. ಉಸಿರು ಬಿಡುವುದಾದರೆ ಮುಖ ಪಕ್ಕಕ್ಕೆ ತಿರುಗಿಸಿ ಬಿಡುತ್ತಿದ್ದರು. ಎಂಥ ಬಡಕಲು ಗಿಡವಾದರೂ ಮೊದಲು ಒಂದು ಒಳ್ಳೆಯ ಮಾತು ಹುಡುಕಿಯೇ ಮುಂದಿನ ಮಾತು.

‘ಪಾಪ, ಎಷ್ಟು ಪ್ರಯತ್ನಪಟ್ಟಿದೆ ನೋಡಮ್ಮ.’

‘ಪ್ರಯತ್ನಕ್ಕೆ ಅಂಕ ಇಲ್ಲ ಸಾರ್,’ ಎಂದಳು ನರ್ಸರಿಯಮ್ಮ. ‘ಇದ್ದಿದ್ರೆ ನಾನು ಸಣ್ಣಗಾಗಿರ್ತಿದ್ದೆ.’

ಮುದುಕರು ನಕ್ಕರು, ಆ ನಗುವನ್ನೂ ಪಕ್ಕಕ್ಕೆ ತಿರುಗಿ, ಗಿಡಕ್ಕೆ ತಾಗಬಾರದೆಂಬಂತೆ. ಹೀಗೆ ನೋಡಿಸಿಕೊಳ್ಳುವ ಭಾಗ್ಯ ಮನುಷ್ಯರಿಗೆ ಯಾಕಿಲ್ಲ ಎಂದು ಕಿರಿಯವಳಿಗೆ ಅನ್ನಿಸಿತು. ದೇವರು ಹೀಗೇ ನೋಡುತ್ತಾನೋ ಏನೋ, ಮೊದಲು ಮೇಲಿನಿಂದ, ಆಮೇಲೆ ಮಂಡಿಯೂರಿ.

ಮುಂದಿನ ಮೇಜಿಗೆ ಬಂದರು. ಮೇಲೆ ಬರೆದ ಫಲಕ: ಒಂದೇ ನೆತ್ತಿಯ ಗಿಡಗಳು. ಈ ವಿಭಾಗದ ಕಟ್ಟಳೆ ಸರಳ. ಎಲೆಗಳೆಲ್ಲ ನಡುವಿನ ಒಂದೇ ನೆತ್ತಿಯಿಂದ ಹೊರಟಿರಬೇಕು. ಎಲೆಯ ಸಂದಿನಲ್ಲಿ ಎಲ್ಲಾದರೂ ಮರಿ ಮೊಳೆತಿದ್ದರೆ ಅದು ಎರಡನೆಯ ನೆತ್ತಿ. ಗಿಡ ಎಷ್ಟೇ ಚೆಂದವಿರಲಿ ಸ್ಪರ್ಧೆಯಿಂದ ಹೊರಕ್ಕೆ. ಮರಿ ಕಂಡ ಕೂಡಲೇ ಸೂಜಿಯ ತುದಿಯಲ್ಲಿ ಎತ್ತಿ ತೆಗೆಯುವುದು ಬೆಳೆಯುವವರ ಮೊದಲ ಪಾಠ. ಮೇಜಿನ ನಡುವೆ ಎರಡು ಗಿಡಗಳು ಪಕ್ಕಪಕ್ಕದಲ್ಲಿದ್ದವು, ಒಂದೇ ಜಾತಿ, ಒಂದೇ ಬಣ್ಣ, ಕಡುನೀಲಿಗೆ ಬಿಳಿಯ ಅಂಚು. ಎಡಗಡೆಯದು ಅಕ್ಕನದು. ಬಲಗಡೆಯದು ಅವಳದು, ಆ ಮೂರನೆಯ ಎಲೆಯ ವಂಶದಿಂದ ಬಂದದ್ದು, ಎಡಗಡೆಯದರ ಮಗಳು. ಯಾರು ಹೀಗೆ ಪಕ್ಕಪಕ್ಕ ಇಟ್ಟರೋ. ಅವಳು ಗೋಡೆಯಾಗಿ ನಿಂತಳು.

ಬೆಳಿಗ್ಗೆ ವ್ಯಾನಿನಲ್ಲಿ ಇಬ್ಬರೂ ರಟ್ಟಿನ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ಅವಳ ಗಂಡ ಆಮೆಯ ಹಾಗೆ ಓಡಿಸುತ್ತ, ‘ಇಬ್ಬರು ತುಂಬಿದ ಬಸುರಿಯರನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಹಾಗಿದೆ ನಂಗೆ’ ಎಂದು ಗೊಣಗುತ್ತಿದ್ದ. ರಸ್ತೆಯ ಉಬ್ಬು ಬಂದಾಗಲೆಲ್ಲ ಅಕ್ಕ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಸಭಾಂಗಣದ ಹೊರಗಿನ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿ, ಅಕ್ಕ ತನ್ನ ಗಿಡವನ್ನು ಅವಳ ಮುಂದೆ ಹಿಡಿದಿದ್ದಳು. ‘ನಂಗೆ ಈಗ ಸಂದಿಗೊಂದಿ ಕಾಣ್ಸಲ್ಲ ಕಣೇ. ಹಲ್ಲು ಜೋಡಿಸೋ ಕಣ್ಣು ನಿಂದು. ಒಂದು ಸುತ್ತು ನೋಡಿಬಿಡು.’ ಅವಳು ನೋಡಿದಳು. ನೋಡಿದಳೇ? ಅವಳ ಒಂದು ಕಣ್ಣು ತನ್ನ ಗಿಡದ ಮೇಲಿತ್ತು. ಅಲ್ಲಿ ಒಂದು ಹೂ ಬಾಡುವ ಹಾಗೆ ಅನುಮಾನವಾಗಿ, ಕೀಳಲೋ ಬಿಡಲೋ ಎಂದು ಜೀವ ಅಲ್ಲೇ ತಗುಲಿಕೊಂಡಿತ್ತು. ‘ಎಲ್ಲಾ ಸರಿಯಾಗಿದೆ ಅಕ್ಕ’ ಎಂದಿದ್ದಳು. ಅಕ್ಕ ಅಷ್ಟಕ್ಕೇ ನಂಬಿ ಗಿಡವನ್ನು ಒಳಗೆ ಕಳಿಸಿದ್ದಳು.

‘ಆಹಾ,’ ಎಂದರು ಮುದುಕರು ಅಕ್ಕನ ಗಿಡದ ಮೇಲೆ ಬಾಗಿ. ನರ್ಸರಿಯಮ್ಮನೂ ತಮಾಷೆ ಮರೆತಳು. ‘ಹೂ ನೋಡಿ ಸಾರ್, ಒಂದಕ್ಕೊಂದು ಜಾಗ ಬಿಟ್ಟುಕೊಟ್ಟು ನಿಂತಿವೆ, ಮರ್ಯಾದಸ್ಥರ ಮನೆ ಮಕ್ಕಳ ಹಾಗೆ.’ ಕಿರಿಯವಳ ಎದೆ ಹಿಗ್ಗಿತು. ತನ್ನ ಗಿಡ ಪಕ್ಕದಲ್ಲಿರುವುದನ್ನೇ ಮರೆತು, ನಮ್ಮಕ್ಕ ಎಂದು ಒಳಗೊಳಗೇ ಕುಣಿದಳು. ಆಗ ಮುದುಕರು ಮಂಡಿಯೂರಿದರು. ಒಂದು ಒಣ ಕುಂಚದ ಹಿಡಿಯಿಂದ, ಬೆಣ್ಣೆಯಿಂದ ಕೂದಲು ತೆಗೆಯುವ ನಾಜೂಕಿನಲ್ಲಿ, ಕೆಳಸಾಲಿನ ಒಂದು ಎಲೆಯನ್ನು ತುಸುವೇ ಎತ್ತಿದರು. ಭೂತಗನ್ನಡಿ ಹಿಡಿದರು.

‘ಅಯ್ಯೋ,’ ಎಂದರು. ‘ಮರಿ.’

ಕಿರಿಯವಳಿಗೆ ಮೊದಲು ಆದದ್ದು ಸಂತೋಷ. ಅದನ್ನು ಆಮೇಲೆ ಎಷ್ಟು ತಿರುಗಿಸಿ ನೋಡಿದರೂ ಬೇರೆ ಹೆಸರು ಸಿಗಲಿಲ್ಲ. ಸುಟ್ಟ ಬೆರಳನ್ನು ತಣ್ಣೀರಿಗೆ ಅದ್ದಿದಾಗ ಆಗುವಂಥ ಹಿತ, ಒಂದು ಚಿಟಿಕೆಯಷ್ಟು ಹೊತ್ತು. ಇನ್ನು ಉಳಿದದ್ದು ನನ್ನದು. ಅದರ ಬೆನ್ನಿಗೇ ಬೆಳಗಿನ ಕಟ್ಟೆ ನೆನಪಾಯಿತು. ಬೆಳಿಗ್ಗೆ ನೋಡಿದವಳು ಯಾರು? ಎಲ್ಲಾ ಸರಿಯಾಗಿದೆ ಎಂದವಳು ಯಾರು? ಒಂದು ವೇಳೆ ಕಂಡೂ ಕಾಣದ ಹಾಗೆ ಕಣ್ಣು ಜಾರಿಕೊಂಡು ಹೋಯಿತೇ, ಅವಳಿಗೇ ಗೊತ್ತಾಗದಂತೆ? ಇಲ್ಲ, ಹಾಗಿರಲಾರದು. ಅದು ಮರಿಯಾಗಿರಲಾರದು. ಅಕ್ಕ ಮರಿ ಬಿಡುವವಳಲ್ಲ. ಮುದುಕರ ಭುಜದ ಮೇಲಿಂದ ಅವಳು ಬಗ್ಗಿದಳು. ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಹಸಿರು ಚುಕ್ಕೆಯೊಂದು, ರೋಮ ಮುಚ್ಚಿದ್ದು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಹೂವಿನ ಮೊಗ್ಗೂ ಹುಟ್ಟುವುದು ಅದೇ ಸಂದಿನಲ್ಲೇ, ಎಳೆಯದರಲ್ಲಿ ಅದೂ ಹೀಗೇ ಮುದುಡಿಕೊಂಡಿರುತ್ತದೆ. ಮೊಗ್ಗೇ. ನೋಡಿದಷ್ಟೂ ಮೊಗ್ಗೇ. ಹಾಗಾದರೆ ಈಗ ಸುಮ್ಮನಿದ್ದರೆ ಅದು ಕಟ್ಟಳೆಯ ಮೌನವೋ ಆಸೆಯ ಮೌನವೋ? ಯಾರಿಗೆ ಗೊತ್ತಾಗಬೇಕು? ತನಗೆ ಗೊತ್ತಾಗುತ್ತದೆ. ನೀಲಿ ಪಟ್ಟಿಯನ್ನು ಮನೆಯ ಯಾವ ಗೋಡೆಗೆ ತೂಗುಹಾಕಿದರೂ ಆ ಗೋಡೆಯ ಮುಂದೆ ಹಾದುಹೋಗಬೇಕಲ್ಲ.

‘ಅದು ಮೊಗ್ಗು ಸಾರ್,’ ಎಂದುಬಿಟ್ಟಳು.

ಪಕ್ಕದ ಮೇಜಿನ ತೀರ್ಪುಗಾರರೂ ತಿರುಗಿ ನೋಡಿದರು. ನರ್ಸರಿಯಮ್ಮನ ಹುಬ್ಬು ಕೂದಲಿಗೆ ತಾಗುವಷ್ಟು ಮೇಲೆ ಹೋಯಿತು. ‘ಏನಮ್ಮ, ಪೆನ್ಸಿಲ್ ಮಾತಾಡ್ತಾ ಇದೆ?’

‘ಮೊಗ್ಗು. ಮರಿ ಅಲ್ಲ. ಅವರು ಮರಿ ಬಿಡೋರಲ್ಲ.’

‘ಅವರು ಅಂದ್ರೆ?’ ಮುದುಕರ ದನಿ ಗಡಸಾಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ‘ಗಿಡ ಯಾರದು ಅಂತ ನಿಮಗೆ ಗೊತ್ತೇನು?’

‘ನಮ್ಮಕ್ಕಂದು.’

‘ಓಹೋ.’ ಅವರು ಕುತ್ತಿಗೆಯ ದಾರ ತೆಗೆದು ಕನ್ನಡಿಯನ್ನು ಅವಳ ಕೈಗಿಟ್ಟರು. ‘ಬನ್ನಿ, ಇಲ್ಲಿ ಕೂತ್ಕೊಳ್ಳಿ. ನನ್ನ ಕಣ್ಣಿಗೂ ವಯಸ್ಸಾಗಿದೆ. ನೀವೇ ನೋಡಿ ಹೇಳಿ.’

ಅವಳು ಮಂಡಿಯೂರಿದಳು. ರಟ್ಟು ಸೆರಗಿಗೆ ಸಿಕ್ಕಿ ಕೆಳಗೆ ಬಿತ್ತು, ಎತ್ತಿಕೊಳ್ಳುವ ಧೈರ್ಯವಾಗಲಿಲ್ಲ. ಮುದುಕರು ಎಲೆಯನ್ನು ಎತ್ತಿ ಹಿಡಿದರು. ಕನ್ನಡಿಯೊಳಗೆ ಮೊದಲು ಮಂಜು, ಆಮೇಲೆ ಬೆಳ್ಳಿಯ ರೋಮಗಳ ಕಾಡು, ಕಾಡಿನ ನಡುವೆ ಬೆಳಕು ಬಿದ್ದ ಒಂದು ಜಾಗ. ಅಲ್ಲಿ ಎರಡು ಪುಟ್ಟ ಎಲೆಗಳು ಕೈಮುಗಿದಂತೆ ಕೂಡಿಕೊಂಡಿದ್ದವು. ಅವುಗಳ ಅಡಿಯಲ್ಲಿ, ಅಡ್ಡಡ್ಡಲಾಗಿ, ಇನ್ನೆರಡು ಬಿಚ್ಚಿಕೊಳ್ಳುತ್ತಿದ್ದವು. ಅಂಚಿನಲ್ಲಿ ಆಗಲೇ ದೊಡ್ಡ ಎಲೆಗೆ ಇರುವಂಥದೇ ಹಲ್ಲು ಹಲ್ಲಿನ ಕೊರೆತ, ಬೆನ್ನಿಗೆ ಅದೇ ಕೆಂಪು ಛಾಯೆ. ಇಡೀ ಗಿಡವೇ ಅಲ್ಲಿತ್ತು. ಅಮ್ಮನ ಸೊಂಟದಲ್ಲಿ ಕೂತು ಲೋಕ ನೋಡುತ್ತಿತ್ತು. ಎಷ್ಟು ಚೆನ್ನಾಗಿದೆ ಎಂದುಕೊಂಡಳು. ತಾನು ಸೋತದ್ದು, ನಾಚಿಕೆ, ಹಿಂದೆ ನಿಂತವರ ಕಣ್ಣು, ಎಲ್ಲ ಆ ಕನ್ನಡಿಯ ಹೊರಗೆ ಉಳಿದವು.

‘ಏನು ಕಾಣ್ತಿದೆ?’

‘ಎಲೆ.’

‘ಎಷ್ಟಿವೆ?’

‘ನಾಲ್ಕು ಸಾರ್.’

‘ಎರಡೇ ಆಗಿದ್ರೆ ಮೊಗ್ಗು ಅನ್ಬಹುದಿತ್ತು, ನಾಲ್ಕಾದ್ರೆ ಮರಿ. ನಿನ್ನೆ ನೋಡಿದ್ರೆ ನಾನೂ ಮೊಗ್ಗು ಅಂತಿದ್ನೋ ಏನೋ,’ ಎಂದರು ಮುದುಕರು. ರಟ್ಟನ್ನು ತಾವೇ ಬಗ್ಗಿ ಎತ್ತಿಕೊಟ್ಟರು. ‘ಬರ್ಕೊಳ್ಳಿ. ಬರೆಯೋ ಕೆಲಸ ಯಾರಾದ್ರೂ ಮಾಡಲೇಬೇಕು.’ ಅವಳು ಅಕ್ಕನ ಗಿಡದ ಸಂಖ್ಯೆಯ ಮುಂದೆ ‘ಸ್ಪರ್ಧೆಗೆ ಇಲ್ಲ’ ಎಂದು ಬರೆದಳು. ಅಕ್ಷರ ಸೊಟ್ಟಗಾಯಿತು. ಮುದುಕರು ಬಲಕ್ಕೆ ಒಂದು ಹೆಜ್ಜೆ ಸರಿದು ಕೈ ಬೆನ್ನಿಗೆ ಕಟ್ಟಿದರು.

‘ಇದು ನಂದು,’ ಎಂದಳು ಅವಳು. ಇನ್ನು ಮುಚ್ಚಿಟ್ಟುಕೊಳ್ಳಲು ಉಳಿದದ್ದೇನು?

‘ಸರಿಹೋಯ್ತು!’ ಎಂದಳು ನರ್ಸರಿಯಮ್ಮ. ‘ಇನ್ನು ಯಾರ‍್ಯಾರದು ಯಾವುದು ಅಂತ ಒಂದು ಸುತ್ತು ಹೇಳ್ಬಿಡಮ್ಮ, ನಾವು ಕಾಫಿ ಕುಡ್ಕೊಂಡು ಬರ್ತೀವಿ.’ ಆದರೆ ಕಿರಿಯವಳಿಂದ ಪೆನ್ಸಿಲ್ ಇಸಿದುಕೊಂಡ ಅವಳ ಕೈ ಮೃದುವಾಗಿತ್ತು. ಆ ಮೇಜನ್ನು ಇನ್ನೊಂದು ಜೋಡಿಯ ತೀರ್ಪುಗಾರರು ನೋಡುವುದೆಂದಾಯಿತು. ಕಾರ್ಯದರ್ಶಿ ಬಂದು, ತಮ್ಮ ಮುಖವನ್ನೂ ಗೋಡೆ ಮಾಡಿಕೊಂಡು, ಅವಳಿಗೆ ಹಿಂಬಾಗಿಲು ತೋರಿಸಿದರು.

ಹಿಂದಿನ ಓಣಿಯಲ್ಲಿ ಮಡಿಸಿದ ಕುರ್ಚಿಗಳ ರಾಶಿಯಿತ್ತು. ಅವಳು ಅದಕ್ಕೆ ಒರಗಿ ನಿಂತಳು. ತಾನು ಬಾಯಿಬಿಟ್ಟದ್ದು ಅಕ್ಕನಿಗಾಗಿ ಎಂದು ಹೇಳಿಕೊಳ್ಳಲು ನೋಡಿದಳು, ನಾಲಿಗೆ ಏಳಲಿಲ್ಲ. ಬೆಳಗಿನ ತನ್ನ ಅರ್ಧಕಣ್ಣನ್ನು ಮುಚ್ಚಿಹಾಕಲು ಒಂದು ಮರಿಯನ್ನೇ ಮೊಗ್ಗು ಮಾಡಲು ಹೋದವಳು ತಾನು. ಆ ಹೊತ್ತಿನಲ್ಲಿ ಒಳ್ಳೆಯವಳಾಗುವ ಖುಷಿ ಎಷ್ಟಿತ್ತು! ಆ ಖುಷಿಗೂ ಮೊದಲು ಬಂದಿದ್ದ ಇನ್ನೊಂದು ಖುಷಿಯನ್ನು ಅಡಗಿಸಲು ಅಷ್ಟು ಬೇಕಾಗಿತ್ತು. ದೇವರೇ, ಎಂದಳು, ಮುಂದೆ ಏನು ಬೇಡಿಕೊಳ್ಳುವುದೆಂದು ಹೊಳೆಯದೆ ಸುಮ್ಮನಾದಳು. ಸುಮ್ಮನಿರುವುದೂ ಒಂದು ಥರ ಹಗುರವಾಗಿತ್ತು. ಕಣ್ಣು ಮುಚ್ಚಿದರೆ ಆ ನಾಲ್ಕು ಎಲೆಗಳೇ ಕಾಣುತ್ತಿದ್ದವು.

ಬಾಗಿಲು ತೆರೆದಾಗ ಜನ ನುಗ್ಗಿದರು. ಅವಳು ಎಲ್ಲರ ಹಿಂದೆ ಹೋದಳು. ಒಂದೇ ನೆತ್ತಿಯ ಮೇಜಿನಲ್ಲಿ ನೀಲಿ ಪಟ್ಟಿ ತುದಿಯ ಒಂದು ಬಿಳಿ ಹೂವಿನ ಗಿಡಕ್ಕೆ ಹೋಗಿತ್ತು. ಅದನ್ನು ಬೆಳೆಸಿದ ಬಸ್ ಕಂಡಕ್ಟರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡು ಮತ್ತೆ ತೆಗೆಯುತ್ತಿದ್ದ. ಅವಳದಕ್ಕೆ ಕೆಂಪು, ಎರಡನೆಯದು. ಬಿಚ್ಚಿದ ಚೀಟಿಯಲ್ಲಿ ಅವಳ ಹೆಸರು ಎಲ್ಲರಿಗೂ ಕಾಣುವಂತೆ ಇತ್ತು. ಅದನ್ನು ನೋಡಿದಾಗ ಎದೆಯಲ್ಲಿ ಏನಾದರೂ ಆಗುತ್ತದೆಂದು ಕಾದಳು, ಏನೂ ಆಗಲಿಲ್ಲ. ಅಕ್ಕ ಅಲ್ಲಿ ಆಗಲೇ ನಿಂತಿದ್ದಳು, ತನ್ನ ಗಿಡದ ಮುಂದೆ, ಕನ್ನಡಕವನ್ನು ಹಣೆಗೇರಿಸಿಕೊಂಡು. ಗಿಡದ ಚೀಟಿಯಲ್ಲಿ ಯಾರೋ ‘ಮರಿ ಇದೆ’ ಎಂದು ಬರೆದಿದ್ದರು.

‘ಎಲ್ಲೇ ಅದು? ತೋರಿಸು ನನ್ನ ಮೊಮ್ಮಗೂನ.’

ಕಿರಿಯವಳು ಅಕ್ಕನ ಬೆರಳು ಹಿಡಿದು ಎಲೆಯ ಕೆಳಗೆ ಕೊಂಡೊಯ್ದಳು. ಬೆರಳು ಅಲ್ಲಿ ತಡವರಿಸಿ, ನಿಂತು, ಗುರುತು ಹಿಡಿಯಿತು. ಅಕ್ಕ ಗಟ್ಟಿಯಾಗಿ ನಕ್ಕಳು. ‘ಮುದಿವಯಸ್ಸಲ್ಲಿ ಹೆತ್ತಿದ್ದಾಳೆ ನೋಡು, ನಾಚಿಕೆಗೆಟ್ಟೋಳು!’

‘ಬೆಳಿಗ್ಗೆ ನಾನು ಸರಿಯಾಗಿ ನೋಡ್ಲಿಲ್ಲ ಅಕ್ಕ. ನನ್ನ ಗಿಡದ ಮೇಲೇ ಕಣ್ಣಿತ್ತು.’

‘ಇರ್ಬೇಕಾದ್ದೇ. ನಾನೇನು ನಿನ್ನ ಗಿಡಾನ ನೋಡಿದ್ನಾ?’ ಎಂದು ಅಕ್ಕ ಬಲಕ್ಕೆ ತಿರುಗಿದಳು. ‘ಈಗ ನೋಡ್ತೀನಿ, ಸರ್ಕೋ.’

ಅಕ್ಕ ಅವಳ ಗಿಡವನ್ನು ನೋಡಿದಳು. ಇಷ್ಟು ವರ್ಷ ನೋಡಿದ್ದ ಹಾಗಲ್ಲ, ಎಲ್ಲಿ ಏನು ಸರಿಪಡಿಸಬೇಕೆಂದು ಹುಡುಕುತ್ತ ಅಲ್ಲ. ಎಲೆಗಳ ಚಕ್ರದ ಮೇಲೆ ಅಕ್ಕನ ಕಣ್ಣು ನಿಧಾನವಾಗಿ ಒಂದು ಸುತ್ತು ಬಂತು, ಎಲ್ಲೂ ಎಡವಲಿಲ್ಲ, ಇನ್ನೊಂದು ಸುತ್ತು ಹೋಯಿತು. ಅಕ್ಕನ ಮುಖದ ನಗು ಎಲ್ಲೋ ಜಾರಿಹೋಗಿ, ಅಲ್ಲಿ ಒಂದು ಕುತೂಹಲ ಬಂದು ಕೂತಿತು, ಚಿಕ್ಕ ಹುಡುಗಿಯ ಮುಖದಲ್ಲಿ ಇರುವಂಥದು.

‘ಈ ಜಾತೀಲಿ ಒಂದು ಎಲೆ ಯಾವಾಗ್ಲೂ ಮೊಂಡು. ಮೇಲಕ್ಕೆದ್ದು ನಿಂತ್ಕೊಳ್ಳುತ್ತೆ. ನಂಗೆ ಜನ್ಮದಲ್ಲಿ ಅದನ್ನ ಕೂರಿಸೋಕೆ ಆಗಿಲ್ಲ. ನಿಂದ್ರಲ್ಲಿ ಎಲ್ಲಾ ಹಾಸಿಗೆ ಹಾಸಿದ ಹಾಗೆ ಕೂತಿವೆ. ಹೇಗೇ ಕೂರಿಸಿದೆ?’

ನೀವೇ ಹೇಳಿಕೊಟ್ಟಿದ್ದಲ್ವಾ ಅಕ್ಕ, ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಯಾರು ಏನು ಹೊಗಳಿದರೂ ಅವಳು ಹೇಳುತ್ತಿದ್ದುದು ಅದನ್ನೇ. ಈ ಸಲ ಅದು ಸುಳ್ಳಾಗುತ್ತಿತ್ತು.

‘ನೀವು ಹೇಳಿದ ಹಾಗೆ ಮಾಡ್ಲಿಲ್ಲ.’

‘ಅದು ಕಾಣ್ತಿದೆ. ಏನು ಮಾಡಿದೆ ಹೇಳು.’

‘ನೀರು ಹಾಕಿ ಎಲೆ ಮುಟ್ಟು ಅಂತಿದ್ರಿ. ನಾನು ಗಿಡಾನ ಬಾಯಾರೋಕೆ ಬಿಟ್ಟೆ. ಗಿಡ ಸ್ವಲ್ಪ ಸೋತಾಗ ತೊಟ್ಟು ಮೆತ್ತಗಾಗುತ್ತೆ ಅಕ್ಕ, ಆಗ ಹೇಳಿದ ಕಡೆ ಬರುತ್ತೆ. ಕೂರಿಸಿಬಿಟ್ಟು ಆಮೇಲೆ ನೀರು. ನೀರು ಕುಡಿದು ಬಿಗಿಯಾಗಿದ್ದಾಗ ಹೋದ್ರೆ ಮುರಿಯುತ್ತೆ.’

ಅಕ್ಕ ತನ್ನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಇಷ್ಟು ಕಾಲ ತನ್ನ ಕೈಯಲ್ಲಿ ಮುರಿದ ಎಲೆಗಳೆಲ್ಲ ಕಣ್ಣ ಮುಂದೆ ಬಂದವೋ ಏನೋ. ಸುತ್ತ ನಿಂತ ಹೂವಿನವರು ಗಾಳಿಪಟವನ್ನೂ ಬಾಲಂಗೋಚಿಯನ್ನೂ ನೋಡುತ್ತಿದ್ದರು. ಆಮೇಲೆ ಅಕ್ಕ ಇನ್ನೂ ಹತ್ತಿರ ಬಂದು, ಯಾರಿಗೂ ಕೇಳಬಾರದ ಗುಟ್ಟಿನ ದನಿಯಲ್ಲಿ ಕೇಳಿದಳು.

‘ಎಷ್ಟು ಸೋಲಬೇಕು? ಹೇಗೆ ಗೊತ್ತಾಗ್ಬೇಕು ನಂಗೆ, ಕಣ್ಣು ಬೇರೆ ಕಾಣ್ಸಲ್ಲ.’

‘ಕಣ್ಣು ಬೇಡ, ಬೆರಳು ಸಾಕು. ತೊಟ್ಟು ಹಿಡಿದ್ರೆ...’ ಹೋಲಿಕೆ ಸಿಗದೆ ಅವಳು ತಡಕಾಡಿದಳು. ‘ಕಿವಿಯ ತುದಿ ಇರುತ್ತಲ್ಲ, ಕೆಳಗೆ. ಅಷ್ಟು ಮೆತ್ತಗಾಗ್ಬೇಕು.’

ಅಕ್ಕ ಕೈ ಎತ್ತಿದಳು. ತನ್ನ ಕಿವಿಯನ್ನು ಮುಟ್ಟಿಕೊಳ್ಳುವುದು ಬಿಟ್ಟು, ಕಿರಿಯವಳ ಕಿವಿಯ ತುದಿಯನ್ನು ಎರಡು ಬೆರಳಿನ ನಡುವೆ ಹಿಡಿದಳು. ಹಿಡಿದು, ಪಾಠ ಬಾಯಿಪಾಠ ಮಾಡುವವಳ ಹಾಗೆ ಕಣ್ಣು ಮುಚ್ಚಿ, ಮೆಲ್ಲಗೆ ಒತ್ತಿ ನೋಡಿದಳು.

‘ಇಷ್ಟಾ?’

‘ಇನ್ನೂ ಸ್ವಲ್ಪ ಹಗುರಕ್ಕೆ ಹಿಡೀರಿ,’ ಎಂದಳು ಕಿರಿಯವಳು, ತಲೆ ಅಲುಗಿಸದೆ. ‘ಹಾಂ. ಇಷ್ಟೇ.’